ಹೃದಯ ವೈಫಲ್ಯದ ರೋಗಿ ಡಿಸ್ಚಾರ್ಜ್ ಆದ ಮೇಲೆ ಅವರನ್ನು ನಿರಂತರವಾಗಿ ನೋಡಿಕೊಳ್ಳುವ ಹೊಣೆ ಯಾರದು?

ಸಕಲೇಶಪುರದ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಹೃದಯಾಘಾತವಾದ ನಂತರ ಹೃದಯದ ಪಂಪಿಂಗ್ ಶೇಕಡಾ 30ಕ್ಕೆ ಇಳಿದಿದೆ ಎಂದು ಎಕೋ ಪರೀಕ್ಷೆಯಲ್ಲಿ ತಿಳಿದುಬಂತು. ಇದು ಹೃದಯ ವೈಫಲ್ಯ, ಅಂದರೆ ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ಪಂಪ್ ಮಾಡಲಾಗದ ಸ್ಥಿತಿ ಎಂದರು. ಅಂದಿನಿಂದ ಒಂದೇ ಸರಣಿ ಮರುಕಳಿಸುತ್ತಿದೆ. ಮೊದಲು ಪಾದ ಊದಿಕೊಳ್ಳುತ್ತದೆ, ಆಮೇಲೆ ರಾತ್ರಿ ಮಲಗಿದೊಡನೆ ಉಸಿರು ಕಟ್ಟುತ್ತದೆ, ಗಾಡಿ ಮಾಡಿಕೊಂಡು ದೊಡ್ಡಾಸ್ಪತ್ರೆಗೆ ಓಡುತ್ತೇವೆ, ಅಲ್ಲಿ ಇಂಜೆಕ್ಷನ್ ಕೊಟ್ಟು ನೀರು ಇಳಿಸಿ ಕೆಲವೇ ದಿನಗಳಲ್ಲಿ ಮನೆಗೆ ಕಳುಹಿಸುತ್ತಾರೆ. ಕೈಗೆ ಕೊಡುವ ಚೀಟಿಯಲ್ಲಿ ಎಂಟೊಂಬತ್ತು ಮಾತ್ರೆಗಳ ಹೆಸರಿರುತ್ತದೆ. ಕೊನೆಯಲ್ಲಿ ಒಂದು ತಿಂಗಳ ನಂತರ ಒಪಿಡಿಗೆ ಬರಬೇಕೆಂಬ ಒಂದು ಸಾಲು ಇರುತ್ತದೆ. ಆ ಒಂದು ತಿಂಗಳಲ್ಲಿ ಏನಾದರೂ ಏರುಪೇರಾದರೆ ಯಾರನ್ನು ಕೇಳಬೇಕು ಎಂಬುದು ಎಲ್ಲಿಯೂ ಬರೆದಿರುವುದಿಲ್ಲ.

ಬೇರೆ ದೇಶಗಳಲ್ಲಿ ಇಂತಹ ರೋಗಿಗಳಿಗಾಗಿಯೇ ನಿರ್ವಹಣಾ ಕಾರ್ಯಕ್ರಮಗಳಿವೆ, ನರ್ಸ್‌ಗಳು ಫೋನ್ ಮಾಡಿ ತೂಕ ಕೇಳುತ್ತಾರೆ, ಮಾತ್ರೆಯ ಪ್ರಮಾಣ ಸರಿಪಡಿಸುತ್ತಾರೆ ಎಂದು ಓದಿದ್ದೇನೆ. ಅದರಿಂದ ನಿಜವಾಗಿಯೂ ಪ್ರಯೋಜನವಿದೆಯೇ? ನಮ್ಮ ರಾಜ್ಯದಲ್ಲಿ ಅಂತಹದು ಸಾಧ್ಯವೇ? ಅದು ಬರುವವರೆಗೆ ಮನೆಯವರು ಏನು ಮಾಡಬಹುದು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಕಾರ್ಕಳದಿಂದ ಗ್ಲಾಸ್ಗೊಗೆ

ನಾನು ಇಲ್ಲಿನ ಹೃದಯ ವೈಫಲ್ಯ ವಿಭಾಗದಲ್ಲಿ ನರ್ಸ್. ಪ್ರಯೋಜನವಿದೆ ಎಂದು ನೇರವಾಗಿಯೇ ಹೇಳುತ್ತೇನೆ. 1995ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 70 ದಾಟಿದ 282 ರೋಗಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ನರ್ಸ್ ಮುಂದಾಳತ್ವದಲ್ಲಿ ರೋಗಿಗೂ ಮನೆಯವರಿಗೂ ತಿಳಿವಳಿಕೆ, ಆಹಾರ ತಜ್ಞರ ಸಲಹೆ, ಮಾತ್ರೆಗಳ ಪರಿಶೀಲನೆ, ಡಿಸ್ಚಾರ್ಜ್ ನಂತರ ಮನೆಭೇಟಿ ಮತ್ತು ಫೋನ್, ಇಷ್ಟೇ ಅದರಲ್ಲಿದ್ದುದು. ತೊಂಬತ್ತು ದಿನಗಳಲ್ಲಿ ಹೃದಯ ವೈಫಲ್ಯಕ್ಕಾಗಿ ಮರುದಾಖಲಾಗುವುದು ಅರ್ಧಕ್ಕಿಂತ ಹೆಚ್ಚು ಕಡಿಮೆಯಾಯಿತು. ನಮ್ಮ ಗ್ಲಾಸ್ಗೊದಲ್ಲಿಯೇ 165 ರೋಗಿಗಳ ಮೇಲೆ ನಡೆದ ಪ್ರಯೋಗ 2001ರಲ್ಲಿ ಪ್ರಕಟವಾಯಿತು. ಅಲ್ಲಿಯೂ ತರಬೇತಿ ಪಡೆದ ನರ್ಸ್ ಮನೆಗೆ ಹೋಗಿ ನೋಡಿಕೊಂಡ ರೋಗಿಗಳು ಮರಳಿ ಆಸ್ಪತ್ರೆ ಸೇರುವುದು ಗಣನೀಯವಾಗಿ ತಗ್ಗಿತು.

ಆದರೆ ಒಂದು ಮಾತನ್ನು ಒತ್ತಿ ಹೇಳಬೇಕು. ಇಲ್ಲಿ ನಾವು ರೋಗಿಯ ಮನೆಗೆ ಹೋಗಿ ಧೈರ್ಯ ಹೇಳಿ ಬರುವುದಷ್ಟೇ ಅಲ್ಲ. ಹೆಚ್ಚುವರಿ ತರಬೇತಿ ಪಡೆದ ನರ್ಸ್‌ಗೆ ಔಷಧಿ ಬರೆಯುವ ಅಧಿಕಾರವಿದೆ. ತೂಕ ಏರಿದ್ದರೆ ನೀರಿನ ಮಾತ್ರೆಯನ್ನು, ಅಂದರೆ ಮೈಯಲ್ಲಿ ತುಂಬಿದ ನೀರನ್ನು ಮೂತ್ರದ ಮೂಲಕ ಇಳಿಸುವ ಮಾತ್ರೆಯನ್ನು, ನಾನೇ ಹೆಚ್ಚಿಸಬಹುದು, ರಕ್ತ ಪರೀಕ್ಷೆ ಮಾಡಿಸಬಹುದು, ಅಗತ್ಯವಿದ್ದರೆ ಅಂದೇ ತಜ್ಞರ ಮುಂದೆ ನಿಲ್ಲಿಸಬಹುದು. ಆ ಅಧಿಕಾರವನ್ನು ತೆಗೆದುಬಿಟ್ಟರೆ ನನ್ನ ಭೇಟಿಯ ಬೆಲೆ ಅರ್ಧಕ್ಕೆ ಇಳಿಯುತ್ತದೆ.

ಅಂಕಿಗಾರ

ಕಾರ್ಕಳದವರೇ, ತಾವು ಗೆದ್ದ ಪ್ರಯೋಗಗಳನ್ನು ಮಾತ್ರ ಹೇಳಿದಿರಿ, ಸೋತವುಗಳನ್ನೂ ಹೇಳಬೇಕಲ್ಲವೇ? ನೆದರ್ಲೆಂಡ್ಸ್‌ನಲ್ಲಿ 1,023 ರೋಗಿಗಳ ಮೇಲೆ ನಡೆದ ಕೋಚ್ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ನರ್ಸ್‌ಗಳ ಸಾಧಾರಣ ನೆರವು ಸಿಕ್ಕವರಿಗೂ ತೀವ್ರ ನೆರವು ಸಿಕ್ಕವರಿಗೂ, ಹೃದ್ರೋಗ ತಜ್ಞರನ್ನು ಮಾತ್ರ ಕಾಣುತ್ತಿದ್ದವರಿಗೂ ಸಾವು ಮತ್ತು ಮರುದಾಖಲಾತಿಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದಲ್ಲಿ 1,653 ರೋಗಿಗಳಿಗೆ ಸ್ವಯಂಚಾಲಿತ ಫೋನ್ ವ್ಯವಸ್ಥೆಯ ಮೂಲಕ ದಿನವೂ ಲಕ್ಷಣ ಮತ್ತು ತೂಕ ಹೇಳಿಸಿಕೊಂಡ ಟೆಲಿ-ಎಚ್‌ಎಫ್ ಪ್ರಯೋಗದ ಫಲಿತಾಂಶ 2010ರಲ್ಲಿ ಬಂತು. ಅದರಲ್ಲಿಯೂ ಲಾಭ ಕಾಣಲಿಲ್ಲ. ಅಲ್ಲಿನ ಸರ್ಕಾರ ಮುಖ್ಯವಾಗಿ ಹಿರಿಯರಿಗಾಗಿ ಇರುವ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಯ ಫಲಾನುಭವಿಗಳಿಗಾಗಿ 2005ರಿಂದ 2008ರವರೆಗೆ ಖಾಸಗಿ ಕಂಪನಿಗಳ ಮೂಲಕ, ಮುಖ್ಯವಾಗಿ ಫೋನ್ ಮೇಲೆ, ಮಧುಮೇಹ ಮತ್ತು ಹೃದಯ ವೈಫಲ್ಯದ ನಿರ್ವಹಣಾ ಕಾರ್ಯಕ್ರಮ ನಡೆಸಿತು. ಕಂಪನಿಗಳಿಗೆ ಕೊಟ್ಟ ಶುಲ್ಕದಷ್ಟು ಹಣವೂ ಉಳಿಯಲಿಲ್ಲ.

ನಾನು ಈ ಕಾರ್ಯಕ್ರಮಗಳ ವಿರೋಧಿಯಲ್ಲ. ಆದರೆ ನಮ್ಮಂತಹ ರಾಜ್ಯದಲ್ಲಿ ಸಾರ್ವಜನಿಕ ಹಣ ಹಾಕುವ ಮುನ್ನ ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಎಂಬುದನ್ನು ಬೇರ್ಪಡಿಸಿ ನೋಡಲೇಬೇಕು.

ಹೃದ್ರೋಗ ವೈದ್ಯ, ಮೈಸೂರು

ಇಬ್ಬರ ಮಾತೂ ಸರಿ, ಮತ್ತು ಎರಡಕ್ಕೂ ಸಂಬಂಧವಿದೆ. ನೆದರ್ಲೆಂಡ್ಸ್ ಪ್ರಯೋಗದಲ್ಲಿ ವಿಶೇಷ ನೆರವು ಸಿಗದ ಗುಂಪಿನವರೂ ನಿಯಮಿತವಾಗಿ ಹೃದ್ರೋಗ ತಜ್ಞರನ್ನು ಕಾಣುತ್ತಿದ್ದರು. ಮೊದಲೇ ಒಳ್ಳೆಯ ಆರೈಕೆ ಇದ್ದ ಕಡೆ ಇನ್ನೊಂದು ಪದರ ಸೇರಿಸಿದಾಗ ಲಾಭ ಕಾಣದಿದ್ದರೆ ಆಶ್ಚರ್ಯವಿಲ್ಲ. ಆರೈಕೆಯೇ ಇಲ್ಲದ ಕಡೆಗೆ ಆ ತೀರ್ಮಾನವನ್ನು ಹಾಗೆಯೇ ತಂದು ಹೊರಿಸಲು ಬರುವುದಿಲ್ಲ.

ನಮ್ಮ ಪರಿಸ್ಥಿತಿ ಏನೆಂಬುದಕ್ಕೆ ಭಾರತದ್ದೇ ದಾಖಲೆಗಳಿವೆ. ತಿರುವನಂತಪುರ ಜಿಲ್ಲೆಯ 18 ಆಸ್ಪತ್ರೆಗಳಲ್ಲಿ 2013ರಲ್ಲಿ ದಾಖಲಾದ 1,205 ಹೃದಯ ವೈಫಲ್ಯ ರೋಗಿಗಳ ಪೈಕಿ ಐದು ವರ್ಷಗಳಲ್ಲಿ ಶೇಕಡಾ 59ರಷ್ಟು ಜನ ತೀರಿಕೊಂಡರು. ಅವರ ಸರಾಸರಿ ವಯಸ್ಸು ಕೇವಲ 61. ದೇಶದ 53 ಆಸ್ಪತ್ರೆಗಳ 10,851 ರೋಗಿಗಳನ್ನು ಒಳಗೊಂಡ ರಾಷ್ಟ್ರೀಯ ನೋಂದಣಿಯಲ್ಲಿ, ಕೊಡಲೇಬೇಕಾದ ಔಷಧಿಗಳ ಸಂಯೋಜನೆ ಅರ್ಧಕ್ಕಿಂತ ಕಡಿಮೆ ಜನರಿಗೆ ಸಿಗುತ್ತಿತ್ತು. ತೊಂಬತ್ತು ದಿನಗಳೊಳಗೆ ಸುಮಾರು ಏಳು ಜನರಲ್ಲಿ ಒಬ್ಬರು ಮರಣ ಹೊಂದಿದ್ದರು. ಕೇರಳದ ಆರೋಗ್ಯ ವ್ಯವಸ್ಥೆಯಲ್ಲಿಯೇ ಹೀಗಿದ್ದರೆ, ಕಲ್ಯಾಣ ಕರ್ನಾಟಕದ ಹಳ್ಳಿಯ ರೋಗಿಯ ಗತಿ ಇದಕ್ಕಿಂತ ಉತ್ತಮವಾಗಿರುತ್ತದೆ ಎಂದು ನಾನು ನಂಬಲಾರೆ.

ಮುಖ್ಯವಾದ ಪ್ರಯೋಗವೊಂದನ್ನು ಇಲ್ಲಿ ಯಾರೂ ಹೇಳಲಿಲ್ಲ. ಹದಿನಾಲ್ಕು ದೇಶಗಳ 1,078 ರೋಗಿಗಳ ಮೇಲೆ ನಡೆದ ಸ್ಟ್ರಾಂಗ್-ಎಚ್‌ಎಫ್ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಡಿಸ್ಚಾರ್ಜ್ ಆದ ಎರಡು ವಾರಗಳೊಳಗೆ ಮಾತ್ರೆಗಳನ್ನು ಪೂರ್ಣ ಪ್ರಮಾಣಕ್ಕೆ ಏರಿಸುವುದು, ಅದಕ್ಕಾಗಿ ಮೊದಲ ಆರು ವಾರಗಳಲ್ಲಿ ರೋಗಿಯನ್ನು ಪದೇಪದೇ ಕರೆಸಿ ರಕ್ತದೊತ್ತಡ, ರಕ್ತದ ಪೊಟ್ಯಾಷಿಯಂ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯೇಟಿನಿನ್ ನೋಡುವುದು ಅದರ ವಿಧಾನ. ಆರು ತಿಂಗಳಲ್ಲಿ ಸಾವು ಅಥವಾ ಹೃದಯ ವೈಫಲ್ಯದಿಂದ ಮರುದಾಖಲಾತಿ ಎಂದಿನ ಆರೈಕೆಯಲ್ಲಿ ಶೇಕಡಾ 23.3 ಇದ್ದರೆ, ಈ ವಿಧಾನದಲ್ಲಿ 15.2 ಇತ್ತು. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು. ಹೊಸ ಔಷಧಿ ಅಲ್ಲಿ ಯಾವುದೂ ಇರಲಿಲ್ಲ. ಇದ್ದ ಔಷಧಿಗಳನ್ನೇ ಬೇಗನೆ, ಸರಿಯಾದ ಪ್ರಮಾಣಕ್ಕೆ, ಕಣ್ಣಿಟ್ಟು ಏರಿಸಿದರು. ಕಾರ್ಯಕ್ರಮದ ತಿರುಳು ಇದು ಎಂಬುದು ನನ್ನ ಖಚಿತ ಅಭಿಪ್ರಾಯ. ಫೋನ್, ಕರಪತ್ರ, ಆ್ಯಪ್ ಎಲ್ಲವೂ ಇದಕ್ಕೆ ನೆರವಾದರೆ ಮಾತ್ರ ಸಾರ್ಥಕ.

ಕೋಡ್ ಬರೆಯುವವನು

ಆ್ಯಪ್ ಬಗ್ಗೆ ಇಷ್ಟು ಬೇಗ ತೀರ್ಪು ಕೊಡಬೇಡಿ, ಡಾಕ್ಟರೇ. ಜರ್ಮನಿಯಲ್ಲಿ 1,571 ರೋಗಿಗಳ ಮೇಲೆ ನಡೆದ ಟಿಮ್-ಎಚ್‌ಎಫ್2 ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಮನೆಯಿಂದಲೇ ತೂಕ, ರಕ್ತದೊತ್ತಡ, ಇಸಿಜಿ ಕಳುಹಿಸಿದ ರೋಗಿಗಳು ವರ್ಷಕ್ಕೆ ಸುಮಾರು 18 ದಿನಗಳನ್ನು ಆಸ್ಪತ್ರೆವಾಸಕ್ಕೆ ಅಥವಾ ಮರಣಕ್ಕೆ ಕಳೆದುಕೊಂಡರೆ, ಉಳಿದವರು ಸುಮಾರು 24 ದಿನಗಳನ್ನು ಕಳೆದುಕೊಂಡರು. ಇಂದು ಹಳ್ಳಿಯಲ್ಲಿಯೂ ಸ್ಮಾರ್ಟ್‌ಫೋನ್ ಇದೆ, ವಾಟ್ಸ್ಆ್ಯಪ್ ಬಳಸದ ಮನೆ ವಿರಳ. ಕನ್ನಡದಲ್ಲಿ ಧ್ವನಿಯ ಮೂಲಕ ತೂಕ ಕೇಳಿ ದಾಖಲಿಸುವ ವ್ಯವಸ್ಥೆ ಕಷ್ಟದ ಕೆಲಸವೇನೂ ಅಲ್ಲ.

ಅಂಕಿಗಾರ

ಆ ಜರ್ಮನ್ ಪ್ರಯೋಗದ ರೋಗಿಗಳ ಅಂಕಿಗಳು ತಲುಪುತ್ತಿದ್ದ ಬರ್ಲಿನ್ ಕೇಂದ್ರದಲ್ಲಿ ವೈದ್ಯರು ಮತ್ತು ನರ್ಸ್‌ಗಳು ದಿನದ 24 ಗಂಟೆಯೂ ಪಾಳಿಯ ಮೇಲೆ ಕುಳಿತು, ಬಂದ ಅಂಕಿಗಳನ್ನು ಅಂದೇ ನೋಡಿ, ಅಂದೇ ರೋಗಿಗೆ ಅಥವಾ ಅವರ ವೈದ್ಯರಿಗೆ ಫೋನ್ ಮಾಡುತ್ತಿದ್ದರು. ತಾವು ಬರೆಯುವ ಆ್ಯಪ್‌ನ ಇನ್ನೊಂದು ತುದಿಯಲ್ಲಿ ಯಾರು ಕುಳಿತಿರುತ್ತಾರೆ?

ಕೋಡ್ ಬರೆಯುವವನು

ನ್ಯಾಯವಾದ ಪ್ರಶ್ನೆ. ಆ ಜನರಿಲ್ಲದೆ ತಂತ್ರಾಂಶ ಒಂದೇ ಸಾಲದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಜನ ಕಡಿಮೆ ಇರುವಲ್ಲಿಯೇ ತಂತ್ರಾಂಶ ಹೆಚ್ಚು ಬೇಕು, ಏಕೆಂದರೆ ಇನ್ನೂರು ರೋಗಿಗಳಲ್ಲಿ ಇಂದು ಯಾರ ತೂಕ ಏರಿದೆ ಎಂದು ಹುಡುಕಿ ತೋರಿಸುವ ಕೆಲಸವನ್ನಾದರೂ ಅದು ಮಾಡುತ್ತದೆ.

ನಿವೃತ್ತ ಮೇಷ್ಟ್ರು, ದಾವಣಗೆರೆ

ರೋಗಿಯಾಗಿಯೇ ಒಂದೆರಡು ಮಾತು ಬರೆಯುತ್ತೇನೆ. ಆಸ್ಪತ್ರೆಯಿಂದ ಹೊರಡುವ ದಿನ ಬಿಲ್ಲು, ವಿಮೆಯ ಕಾಗದ, ವಾಹನದ ಗಡಿಬಿಡಿಯ ನಡುವೆ ನರ್ಸಮ್ಮ ಬಂದು ಮಾತ್ರೆಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಹೋದರು. ಬಿಳಿ ಮಾತ್ರೆ ಯಾವುದಕ್ಕೆ, ಅರ್ಧ ಮಾತ್ರೆ ಯಾವುದಕ್ಕೆ ಎಂಬುದು ಮನೆಗೆ ಬರುವಷ್ಟರಲ್ಲಿ ಮರೆತುಹೋಯಿತು. ಆಮೇಲೆ ಮೊಮ್ಮಗಳು ರಟ್ಟಿನ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಅಂಕಣ ಬರೆದು ಪ್ರತಿ ಮಾತ್ರೆಯ ಖಾಲಿ ಪಟ್ಟಿಯನ್ನು ಅದರ ಕೆಳಗೆ ಅಂಟಿಸಿದಳು. ನನಗೆ ಸಿಕ್ಕ ನಿರ್ವಹಣಾ ಕಾರ್ಯಕ್ರಮ ಅದೊಂದೇ, ಮತ್ತು ಅದು ಬಹಳ ಉಪಕಾರ ಮಾಡಿದೆ.

ತಜ್ಞರಿಗೆ ನನ್ನ ಪ್ರಶ್ನೆ ನೀರಿನದು. ಒಬ್ಬರು ಒಂದೂವರೆ ಲೀಟರ್ ಮೀರಬಾರದು ಎನ್ನುತ್ತಾರೆ, ಇನ್ನೊಬ್ಬರು ಬಾಯಾರಿದಷ್ಟು ಕುಡಿಯಿರಿ ಎನ್ನುತ್ತಾರೆ. ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಒಂದೂವರೆ ಲೀಟರ್ ಎಂದರೆ ಮಧ್ಯಾಹ್ನಕ್ಕೇ ಮುಗಿದುಹೋಗುತ್ತದೆ.

ಹೃದ್ರೋಗ ವೈದ್ಯ, ಮೈಸೂರು

ಮೇಷ್ಟ್ರೇ, ನೆದರ್ಲೆಂಡ್ಸ್‌ನಲ್ಲಿ ಸ್ಥಿರವಾಗಿರುವ 504 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ ಒಂದೂವರೆ ಲೀಟರ್ ಮಿತಿ ಹಾಕಿ, ಇನ್ನೊಂದಕ್ಕೆ ಮಿತಿಯಿಲ್ಲದೆ ಬಿಟ್ಟು ನೋಡಿದರು. ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಮಿತಿ ಹಾಕಿಕೊಂಡವರ ಆರೋಗ್ಯ ಹೆಚ್ಚು ಸುಧಾರಿಸಲಿಲ್ಲ, ಬಾಯಾರಿಕೆಯ ಸಂಕಟ ಮಾತ್ರ ಹೆಚ್ಚಾಯಿತು. ಆದ್ದರಿಂದ ಊತವಿಲ್ಲದೆ, ತೂಕ ಸ್ಥಿರವಾಗಿರುವ ರೋಗಿಗೆ ಕಟ್ಟುನಿಟ್ಟಿನ ಅಳತೆ ಬೇಕೆಂದು ನಾನು ಹೇಳುವುದಿಲ್ಲ. ಊತ ಇರುವಾಗ ಅಥವಾ ರಕ್ತದಲ್ಲಿ ಸೋಡಿಯಂ ಇಳಿದಿರುವಾಗ ಮಾತು ಬೇರೆ. ತಮ್ಮದು ಯಾವ ಗುಂಪು ಎಂಬುದನ್ನು ತಮ್ಮ ವೈದ್ಯರೇ ಹೇಳಬೇಕು.

ಉಪ್ಪಿನ ವಿಷಯವೂ ಇದಕ್ಕೆ ಹತ್ತಿರದ್ದು. ದಿನದ ಸೋಡಿಯಂ ಅನ್ನು 1,500 ಮಿಲಿಗ್ರಾಂಗಿಂತ ಕೆಳಗಿಳಿಸಿ ನೋಡಿದ ಪ್ರಯೋಗದಲ್ಲಿ, ಅದು 2022ರಲ್ಲಿ ಬಂದದ್ದು, ಸಾವು ಮತ್ತು ಆಸ್ಪತ್ರೆ ಭೇಟಿಗಳು ತಗ್ಗಲಿಲ್ಲ. ಇದನ್ನು ಓದಿ ಯಾರೂ ಉಪ್ಪಿನಕಾಯಿ ಜಾಡಿಯನ್ನು ತೆರೆಯಬೇಡಿ. ಆ ರೋಗಿಗಳು ಮೊದಲೇ ಸಾಕಷ್ಟು ಕಡಿಮೆ ಉಪ್ಪು ತಿನ್ನುತ್ತಿದ್ದವರು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಚಟ್ನಿಪುಡಿ, ಬೇಕರಿಯ ಖಾರಾ, ಇವೆಲ್ಲ ಸೇರಿದ ನಮ್ಮ ಊಟದ ಉಪ್ಪು ಅದಕ್ಕಿಂತ ಬಹಳ ಮೇಲಿದೆ.

ಹಾವೇರಿ ಸೊಸೆ

ಉಪ್ಪಿನ ಮಾತು ಬಂದಿದ್ದರಿಂದ ಹೇಳುತ್ತೇನೆ. ಈ ಕಾರ್ಯಕ್ರಮಗಳ ಕುರಿತು ಬರೆಯುವವರೆಲ್ಲ ರೋಗಿ ತನ್ನನ್ನು ತಾನೇ ನೋಡಿಕೊಳ್ಳಬೇಕು ಎಂದು ಬರೆಯುತ್ತಾರೆ. ನಮ್ಮ ಮನೆಗಳಲ್ಲಿ ಮಾತ್ರೆ ಬಿಡಿಸಿ ಕೊಡುವವಳು, ತೂಕ ಬರೆದಿಡುವವಳು, ಸಾರಿಗೆ ಉಪ್ಪು ಹಾಕುವ ಮೊದಲೇ ಮಾವನವರಿಗೆ ಒಂದು ಬಟ್ಟಲು ಎತ್ತಿಡುವವಳು, ಸಪ್ಪೆ ಎಂದು ಬೈಸಿಕೊಳ್ಳುವವಳು ಎಲ್ಲ ಒಬ್ಬಳೇ. ಡಿಸ್ಚಾರ್ಜ್ ದಿನ ವೈದ್ಯರು ಎಲ್ಲವನ್ನೂ ಮನೆಯ ಗಂಡಸರಿಗೆ ವಿವರಿಸುತ್ತಾರೆ. ಅಡುಗೆ ಮಾಡುವವರನ್ನು ಕರೆದು ಕೂರಿಸಿ ಹೇಳುವ ಪದ್ಧತಿ ಯಾವ ಆಸ್ಪತ್ರೆಯಲ್ಲಿಯೂ ನನಗೆ ಕಾಣಲಿಲ್ಲ. ಕಾರ್ಯಕ್ರಮ ಮಾಡುವವರು ಮೊದಲು ಇದನ್ನು ಬದಲಾಯಿಸಬೇಕು.

ಕಾರ್ಕಳದಿಂದ ಗ್ಲಾಸ್ಗೊಗೆ

ಹಾವೇರಿಯವರ ಮಾತನ್ನು ನೂರಕ್ಕೆ ನೂರು ಒಪ್ಪುತ್ತೇನೆ. ಮೊದಲ ಭೇಟಿಯಲ್ಲಿ ಮಾತ್ರೆಯನ್ನು ಯಾರು ಕೊಡುತ್ತಾರೆ, ಅಡುಗೆ ಯಾರದು ಎಂಬುದನ್ನು ಕೇಳಿಯೇ ನಾನು ಮುಂದಿನ ಮಾತಿಗೆ ಹೋಗುವುದು.

ಔಷಧಿ ಅಂಗಡಿ, ತಿಪಟೂರು

ಅಂಗಡಿಯ ಈ ಬದಿಯಿಂದ ಕಾಣುವುದನ್ನು ಬರೆಯುತ್ತೇನೆ. ಹೃದಯ ವೈಫಲ್ಯದ ರೋಗಿಗಳು ಮರಳಿ ಆಸ್ಪತ್ರೆ ಸೇರುವುದಕ್ಕೆ ಮೂರು ಕಾರಣಗಳನ್ನು ನಾನು ಪದೇಪದೇ ನೋಡುತ್ತೇನೆ. ಊತ ಇಳಿದ ಕೂಡಲೇ ನೀರಿನ ಮಾತ್ರೆಯ ಜೊತೆಗೆ ಉಳಿದ ಮಾತ್ರೆಗಳನ್ನೂ ನಿಲ್ಲಿಸಿಬಿಡುತ್ತಾರೆ. ಮಂಡಿ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ಚೀಟಿಯಿಲ್ಲದೆ ತೆಗೆದುಕೊಳ್ಳುತ್ತಾರೆ. ಈ ನೋವಿನ ಮಾತ್ರೆಗಳು ದೇಹದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಟ್ಟು ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತವೆ. ಮೂರನೆಯದು, ಈಚೆಗೆ ಹೆಚ್ಚಾಗಿರುವುದು, ಹೃದಯಕ್ಕೆ ಒಳ್ಳೆಯದೆಂದು ಕಡಿಮೆ ಸೋಡಿಯಂ ಉಪ್ಪು ಕೊಳ್ಳುವುದು. ಅದರಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಷಿಯಂ ಇರುತ್ತದೆ. ಹೃದಯ ವೈಫಲ್ಯಕ್ಕೆ ಕೊಡುವ ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್‌ನಂತಹ ಮಾತ್ರೆ ತೆಗೆದುಕೊಳ್ಳುವವರಲ್ಲಿ ರಕ್ತದ ಪೊಟ್ಯಾಷಿಯಂ ಏರಿದರೆ ಹೃದಯದ ಲಯವೇ ತಪ್ಪಬಹುದು. ನಮ್ಮ ಕಡೆ ಎಳನೀರು ಧಾರಾಳ, ದಿನಕ್ಕೆರಡು ಕುಡಿಯುವವರಿದ್ದಾರೆ. ಅದರಲ್ಲಿಯೂ ಪೊಟ್ಯಾಷಿಯಂ ಹೆಚ್ಚು. ಈ ರೋಗಿಗಳು ವೈದ್ಯರನ್ನು ಕೇಳದೆ ಅದನ್ನು ರೂಢಿ ಮಾಡಿಕೊಳ್ಳಬಾರದು.

ಬೆಲೆಯ ಬಗ್ಗೆ ಒಂದು ಒಳ್ಳೆಯ ಸುದ್ದಿಯೂ ಇದೆ. ಇದೇ ಕಾಯಿಲೆಗೆ ಕೊಡುವ ಡಪಾಗ್ಲಿಫ್ಲೋಜಿನ್ ಪೇಟೆಂಟ್ 2020ರಲ್ಲಿ, ಎಂಪಾಗ್ಲಿಫ್ಲೋಜಿನ್ ಪೇಟೆಂಟ್ 2025ರ ಮಾರ್ಚ್‌ನಲ್ಲಿ ಮುಗಿದ ಮೇಲೆ ಹಲವಾರು ಕಂಪನಿಗಳು ಅವುಗಳನ್ನು ತಯಾರಿಸಿ ಬೆಲೆ ಬಹಳ ಇಳಿದಿದೆ. ಸ್ಪೈರೊನೊಲ್ಯಾಕ್ಟೋನ್, ಮೆಟೊಪ್ರೊಲಾಲ್ ಹಳೆಯ ಅಗ್ಗದ ಮಾತ್ರೆಗಳು. ಸ್ಯಾಕುಬಿಟ್ರಿಲ್ ಒಂದೇ ಇನ್ನೂ ಬಡವರ ಕೈಗೆ ಭಾರ. ಅದನ್ನು ಕೊಳ್ಳಲಾಗದವರು ಮುಜುಗರವಿಲ್ಲದೆ ವೈದ್ಯರಿಗೆ ಹೇಳಿದರೆ ಅದರ ಬದಲಿಗೆ ಹಳೆಯ ಗುಂಪಿನ ಅಗ್ಗದ ಮಾತ್ರೆ ಬರೆಯುತ್ತಾರೆ. ಹೇಳದೆ ಸುಮ್ಮನೆ ನಿಲ್ಲಿಸುವುದೇ ಅಪಾಯ.

ಸಕಲೇಶಪುರದ ಮಗಳು

ತಿಪಟೂರಿನವರಿಗೆ ಧನ್ಯವಾದಗಳು. ನಮ್ಮ ತಂದೆಯವರಿಗೂ ಮಂಡಿ ನೋವಿದೆ. ಹಾಗಾದರೆ ನೋವಿಗೆ ಏನು ಕೊಡಬೇಕು?

ಔಷಧಿ ಅಂಗಡಿ, ತಿಪಟೂರು

ಸಾಮಾನ್ಯವಾಗಿ ವೈದ್ಯರು ಪ್ಯಾರಾಸಿಟಮಾಲ್ ಬರೆಯುತ್ತಾರೆ, ಮೇಲೆ ಹಚ್ಚುವ ಮುಲಾಮು ಅಥವಾ ಬಿಸಿ ಶಾಖವನ್ನೂ ಹೇಳಬಹುದು. ಪ್ರಮಾಣವನ್ನು ಅವರಿಂದಲೇ ಕೇಳಿ ತಿಳಿಯಿರಿ. ಯಾವ ಅಂಗಡಿಗೆ ಹೋದರೂ ಮೊದಲು ಹೃದಯದ ಚೀಟಿಯನ್ನು ತೋರಿಸಿ.

ನ್ಯೂಜೆರ್ಸಿ ಕನ್ನಡಿಗ

ಆಸ್ಪತ್ರೆಗಳಿಗೆ ಹಣ ಕೊಡುವ ಕ್ರಮದ ವಿಷಯವನ್ನು ಯಾರೂ ಎತ್ತದಿರುವುದರಿಂದ ಇಲ್ಲಿನ ಅನುಭವ ಹೇಳುತ್ತೇನೆ. ಹೃದಯಾಘಾತ, ಹೃದಯ ವೈಫಲ್ಯ, ನ್ಯುಮೋನಿಯಾ ರೋಗಿಗಳು 30 ದಿನಗಳೊಳಗೆ ನಿರೀಕ್ಷೆಗಿಂತ ಹೆಚ್ಚಾಗಿ ಮರುದಾಖಲಾದರೆ ಆ ಆಸ್ಪತ್ರೆಗೆ ಕೊಡುವ ಮೆಡಿಕೇರ್ ಹಣವನ್ನು ಕಡಿತಗೊಳಿಸುವ ಕ್ರಮ 2012ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಕಡಿತ ಶೇಕಡಾ 3ರವರೆಗೂ ಹೋಗಬಹುದು. ಆ ಭಯದಿಂದಲೇ ಆಸ್ಪತ್ರೆಗಳು ಡಿಸ್ಚಾರ್ಜ್ ಆದ ವಾರದೊಳಗೆ ರೋಗಿಗೆ ಭೇಟಿಯ ದಿನ ಗೊತ್ತುಮಾಡುವುದು, ನರ್ಸ್‌ನಿಂದ ಫೋನ್ ಮಾಡಿಸುವುದು ಮುಂತಾದವನ್ನು ಗಂಭೀರವಾಗಿ ತೆಗೆದುಕೊಂಡವು. ನಮ್ಮಲ್ಲಿಯೂ ಸರ್ಕಾರ ಇಂತಹ ದಂಡ ವಿಧಿಸಿದರೆ ಆಸ್ಪತ್ರೆಗಳು ತಾವಾಗಿಯೇ ಎಚ್ಚೆತ್ತುಕೊಳ್ಳುತ್ತವೆ ಎಂಬುದು ನನ್ನ ಅಭಿಪ್ರಾಯ.

ಅಂಕಿಗಾರ

ದಂಡದ ದಾರಿ ಬೇಡವೇ ಬೇಡ. ಆ ಕ್ರಮ ಬಂದ ಮೇಲೆ ಹೃದಯ ವೈಫಲ್ಯದ ರೋಗಿಗಳಲ್ಲಿ ಡಿಸ್ಚಾರ್ಜ್ ನಂತರದ 30 ದಿನಗಳ ಮರಣ ಪ್ರಮಾಣ ಏರಿದ್ದನ್ನು 2018ರ ಒಂದು ದೊಡ್ಡ ವಿಶ್ಲೇಷಣೆ ತೋರಿಸಿತು. ಅದಕ್ಕೆ ದಂಡವೇ ಕಾರಣವೇ ಎಂಬ ವಾದ ಇನ್ನೂ ನಡೆದಿದೆ, ನಿಜ. ಆದರೆ ಮರುದಾಖಲಾತಿಯನ್ನೇ ಅಪರಾಧ ಮಾಡಿದರೆ ದಾಖಲಾಗಲೇಬೇಕಾದವರನ್ನೂ ಬಾಗಿಲಿನಿಂದ ಹಿಂದೆ ಕಳುಹಿಸುವ ಪ್ರಲೋಭನೆ ಹುಟ್ಟುತ್ತದೆ. ನಮ್ಮಲ್ಲಿ ಹಾಸಿಗೆಯೇ ಸಿಗದೆ ಅಲೆಯುವವರಿರುವಾಗ ಅದರ ಪರಿಣಾಮವನ್ನು ಊಹಿಸಿ.

ಹೃದ್ರೋಗ ವೈದ್ಯ, ಮೈಸೂರು

ನನಗೂ ದಂಡದಲ್ಲಿ ನಂಬಿಕೆಯಿಲ್ಲ. ನಮ್ಮ ತೊಂದರೆ ಬೇರೆ ಕಡೆ ಇದೆ. ಆಯುಷ್ಮಾನ್ ಭಾರತ್ ಯೋಜನೆ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಆಸ್ಪತ್ರೆವಾಸವನ್ನು ಭರಿಸುತ್ತದೆ, ಡಿಸ್ಚಾರ್ಜ್ ನಂತರದ 15 ದಿನಗಳ ವೆಚ್ಚವೂ ಅದರೊಳಗೆ ಬರುತ್ತದೆ. ಹದಿನಾರನೆಯ ದಿನದಿಂದ ಮಾತ್ರೆ, ರಕ್ತ ಪರೀಕ್ಷೆ, ಬಸ್ ಖರ್ಚು ಎಲ್ಲವೂ ರೋಗಿಯ ಜೇಬಿನಿಂದಲೇ ಹೋಗುತ್ತದೆ. ರೋಗಿ ಹದಗೆಟ್ಟು ಮತ್ತೆ ದಾಖಲಾದರೆ ಹಣವಿದೆ, ಹದಗೆಡದಂತೆ ಕಾಯಲು ಹಣವಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ನಮ್ಮ ರಾಜ್ಯಕ್ಕೆ ಇದು ಅಸಾಧ್ಯವೇನೂ ಅಲ್ಲ ಎಂಬುದಕ್ಕೆ ಉದಾಹರಣೆ ಇದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ, ಹೃದಯಾಘಾತವಿದ್ದರೆ ಅಲ್ಲಿಯೇ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡಿಸುತ್ತಾರೆ. ಹೃದಯಾಘಾತದಿಂದ ಹೀಗೆ ಬದುಕುಳಿದವರಲ್ಲಿ ಹಲವರಿಗೆ ಮುಂದೆ ಹೃದಯ ವೈಫಲ್ಯ ಬರುತ್ತದೆ. ತಿರುವನಂತಪುರದ ನೋಂದಣಿಯಲ್ಲಿ ಹತ್ತರಲ್ಲಿ ಏಳು ಜನರಿಗೆ ಹೃದಯದ ರಕ್ತನಾಳದ ಕಾಯಿಲೆಯೇ ಮೂಲವಾಗಿತ್ತು. ಅದೇ ತಾಲ್ಲೂಕು ಆಸ್ಪತ್ರೆ, ಅದೇ ತಜ್ಞರ ಜಾಲ ಈ ರೋಗಿಗಳ ಎರಡನೆಯ ವಾರದ ಭೇಟಿಗೂ ಏಕೆ ಬಳಕೆಯಾಗಬಾರದು?

ಸಮುದಾಯ ಆರೋಗ್ಯ ಅಧಿಕಾರಿ, ಯಾದಗಿರಿ ಜಿಲ್ಲೆ

ತಾಲ್ಲೂಕಿಗಿಂತ ಕೆಳಗೂ ಒಂದು ಮೆಟ್ಟಿಲಿದೆ ಎಂಬುದನ್ನು ಎಲ್ಲರೂ ಮರೆತಿದ್ದೀರಿ. ಉಪಕೇಂದ್ರದಲ್ಲಿ ನಾವಿದ್ದೇವೆ, ನಮ್ಮಲ್ಲಿ ಬಹುತೇಕರು ನರ್ಸಿಂಗ್ ಓದಿದವರೇ. ಗೃಹ ಆರೋಗ್ಯ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರ ಜೊತೆ ಮನೆಮನೆಗೆ ಹೋಗಿ ರಕ್ತದೊತ್ತಡ, ಸಕ್ಕರೆ ನೋಡುತ್ತೇವೆ. ಇ-ಸಂಜೀವಿನಿ ಮೂಲಕ ವೈದ್ಯರನ್ನು ವಿಡಿಯೊದಲ್ಲಿ ಕಾಣಿಸುತ್ತೇವೆ. ಹೃದಯ ವೈಫಲ್ಯದ ರೋಗಿ ಊರಿಗೆ ಬಂದಿದ್ದಾರೆ ಎಂಬ ಸುದ್ದಿ ಮಾತ್ರ ನಮಗೆ ಯಾವ ಆಸ್ಪತ್ರೆಯಿಂದಲೂ ಬರುವುದಿಲ್ಲ. ಅವರೇ ಏದುಸಿರು ಬಿಡುತ್ತಾ ಬಾಗಿಲಿಗೆ ಬಂದಾಗ ತಿಳಿಯುತ್ತದೆ, ಆಗ ನಾವು ಮಾಡಬಹುದಾದದ್ದು 108ಕ್ಕೆ ಕರೆ ಮಾಡುವುದಷ್ಟೇ.

ನನ್ನ ಕೋರಿಕೆ ಸಣ್ಣದು. ಡಿಸ್ಚಾರ್ಜ್ ಮಾಡುವ ಆಸ್ಪತ್ರೆ ಕನ್ನಡದಲ್ಲಿ ಅರ್ಧ ಪುಟದ ಕಾಗದ ಕೊಡಲಿ. ಮನೆಗೆ ಹೋಗುವ ದಿನದ ತೂಕ, ಯಾವ ಮಾತ್ರೆ ಎಷ್ಟು, ಯಾವುದನ್ನು ಎಲ್ಲಿಯವರೆಗೆ ಏರಿಸಬೇಕು, ಯಾವ ರಕ್ತದೊತ್ತಡಕ್ಕಿಂತ ಕೆಳಗಿದ್ದರೆ ಏರಿಸಬಾರದು, ರಕ್ತ ಪರೀಕ್ಷೆ ಯಾವಾಗ, ಸಂದೇಹ ಬಂದರೆ ಯಾವ ಸಂಖ್ಯೆಗೆ ಕರೆ ಮಾಡಬೇಕು. ಇಷ್ಟು ಕೈಯಲ್ಲಿದ್ದರೆ ನಾನು ಪ್ರತಿ ವಾರ ಆ ಮನೆಗೆ ಹೋಗಿ ನೋಡಬಲ್ಲೆ. ತೂಕದ ಯಂತ್ರ ಎಲ್ಲಿ ತರುವುದು ಎಂದು ಕೇಳುವವರಿದ್ದಾರೆ. ಬಸುರಿಯರನ್ನು ತೂಗುವ ಯಂತ್ರ ಅಂಗನವಾಡಿಯಲ್ಲಿದೆ, ಉಪಕೇಂದ್ರದಲ್ಲಿಯೂ ಇದೆ.

ಹೃದ್ರೋಗ ವೈದ್ಯ, ಮೈಸೂರು

ಇದಕ್ಕೆ ಹತ್ತಿರದ ಪುರಾವೆ ನಮ್ಮ ಬೆಂಗಳೂರಿನಿಂದಲೇ ಬಂದಿದೆ. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಮುನ್ನಡೆಸಿದ, 14 ಆಸ್ಪತ್ರೆಗಳ 806 ಹೃದಯಾಘಾತ ರೋಗಿಗಳನ್ನು ಒಳಗೊಂಡ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಸಮುದಾಯ ಕಾರ್ಯಕರ್ತರ ಸಂಪರ್ಕದಲ್ಲಿ ಒಂದು ವರ್ಷ ಇದ್ದ ರೋಗಿಗಳು ಮಾತ್ರೆಗಳನ್ನು ಹೆಚ್ಚು ಕ್ರಮಬದ್ಧವಾಗಿ ತೆಗೆದುಕೊಂಡರು, ಅವರ ರಕ್ತದೊತ್ತಡವೂ ಕಡಿಮೆಯಿತ್ತು. ಅದು ಹೃದಯ ವೈಫಲ್ಯದ ಪ್ರಯೋಗವಲ್ಲ, ಸಾವನ್ನು ತಗ್ಗಿಸಿತೆಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಕಾರ್ಯಕರ್ತರಿಂದ ಇದು ಆಗದು ಎನ್ನುವವರಿಗೆ ಉತ್ತರವಂತೂ ಸಿಕ್ಕಿದೆ.

ಮಡಿಕೇರಿ ಮಳೆ

ಯಾರೂ ಹೇಳದ ವಿಷಯವೊಂದನ್ನು ಸೇರಿಸುತ್ತೇನೆ. ನಮ್ಮ ತಾಯಿ ಈ ಕಾಯಿಲೆಯಿಂದಲೇ ತೀರಿಕೊಂಡರು. ಕೊನೆಯ ತಿಂಗಳುಗಳಲ್ಲಿ ಅವರಿಗೆ ಮನೆಯಲ್ಲಿಯೇ ಇರಬೇಕೆಂದಿತ್ತು, ನಾವು ಮತ್ತೆ ಮತ್ತೆ ಐಸಿಯುಗೆ ಕರೆದೊಯ್ದೆವು, ಏಕೆಂದರೆ ರೋಗ ಎಲ್ಲಿಗೆ ತಲುಪಿದೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಉಪಶಾಮಕ ಆರೈಕೆ, ಅಂದರೆ ರೋಗಿಯ ಸಂಕಟ ತಗ್ಗಿಸುವ ಆರೈಕೆ, ಕ್ಯಾನ್ಸರ್‌ಗೆ ಮಾತ್ರ ಎಂಬ ಭಾವನೆ ವೈದ್ಯರಲ್ಲಿಯೂ ಇದೆ. ಐದು ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಉಳಿಯದ ಕಾಯಿಲೆಯ ಕಾರ್ಯಕ್ರಮದಲ್ಲಿ ಈ ಮಾತುಕತೆಗೂ ಜಾಗ ಇರಲೇಬೇಕು.

ಕಾರ್ಕಳದಿಂದ ಗ್ಲಾಸ್ಗೊಗೆ

ಇರಲೇಬೇಕು. ಇಲ್ಲಿ ಆ ಮಾತನ್ನು ರೋಗಿ ಚೆನ್ನಾಗಿರುವಾಗಲೇ, ಒಂದೇ ಸಲಕ್ಕಲ್ಲ, ಸ್ವಲ್ಪಸ್ವಲ್ಪವಾಗಿ ಆರಂಭಿಸುತ್ತೇವೆ. ಉಸಿರಾಟದ ಸಂಕಟಕ್ಕೆ ಅತ್ಯಲ್ಪ ಪ್ರಮಾಣದ ಮಾರ್ಫಿನ್ ಕೊಡುವುದೂ ಉಂಟು. ಯಾವುದನ್ನೂ ರೋಗಿಯ ಇಚ್ಛೆ ತಿಳಿಯದೆ ನಿರ್ಧರಿಸುವುದಿಲ್ಲ.

ಸಕಲೇಶಪುರದ ಮಗಳು

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಋಣಿಯಾಗಿದ್ದೇನೆ. ಒಂದು ತೂಕದ ಯಂತ್ರ ತರಿಸಿದ್ದೇವೆ. ಎಷ್ಟು ಏರಿದರೆ ಗಾಬರಿಪಡಬೇಕು? ಹಾಗೆಯೇ, ತಿಂಗಳವರೆಗೆ ಕಾಯದೆ ಬೇಗ ತೋರಿಸಬೇಕೆಂದು ನಾವೇ ಕೇಳಿದರೆ ವೈದ್ಯರು ತಪ್ಪು ತಿಳಿಯುತ್ತಾರೆಯೇ?

ಹೃದ್ರೋಗ ವೈದ್ಯ, ಮೈಸೂರು

ಖಂಡಿತ ಕೇಳಿ, ಅದು ರೋಗಿಯ ಹಕ್ಕು. ಒಂದರಿಂದ ಎರಡು ವಾರದೊಳಗೆ ಒಮ್ಮೆ ತೋರಿಸಿ, ಅಷ್ಟರಲ್ಲಿ ಪೊಟ್ಯಾಷಿಯಂ, ಕ್ರಿಯೇಟಿನಿನ್ ವರದಿ ಕೈಯಲ್ಲಿರಲಿ. ತೂಕವನ್ನು ಬೆಳಿಗ್ಗೆ ಮೂತ್ರ ವಿಸರ್ಜಿಸಿದ ಮೇಲೆ, ತಿಂಡಿಗೆ ಮೊದಲು, ಒಂದೇ ಬಗೆಯ ಬಟ್ಟೆಯಲ್ಲಿ ನೋಡಿ ಬರೆದಿಡಿ. ಮೂರು ದಿನಗಳಲ್ಲಿ ಎರಡು ಕಿಲೋಗಿಂತ ಹೆಚ್ಚು ಏರಿದರೆ, ಊತ ಹೆಚ್ಚಿದರೆ, ಮಲಗಲು ಮೊದಲಿಗಿಂತ ಹೆಚ್ಚು ದಿಂಬು ಬೇಕಾದರೆ ಅಂದೇ ವೈದ್ಯರಿಗೆ ತಿಳಿಸಿ. ಕುಳಿತಲ್ಲಿಯೇ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಎಚ್ಚರ ತಪ್ಪಿದರೆ ಫೋನ್ ಮಾಡುತ್ತಾ ಕೂರಬೇಡಿ, ನೇರವಾಗಿ ಆಸ್ಪತ್ರೆಗೆ ಹೊರಡಿ. ವಾಂತಿ ಭೇದಿಯಾದ ದಿನ ನೀರಿನ ಮಾತ್ರೆ, ಡಪಾಗ್ಲಿಫ್ಲೋಜಿನ್ ಮುಂದುವರಿಸಬೇಕೇ ಎಂದು ಕೇಳಿಯೇ ಕೊಡಿ.

ಅಂಕಿಗಾರ

ಯಾದಗಿರಿಯವರ ಅರ್ಧ ಪುಟದ ಯೋಜನೆಗೆ ನನ್ನ ಬೆಂಬಲವಿದೆ. ಯಾವ ಜಿಲ್ಲೆ ಇದನ್ನು ಮೊದಲು ಕೈಗೆತ್ತಿಕೊಂಡರೂ ಕೆಲವು ತಾಲ್ಲೂಕುಗಳಲ್ಲಿ ಆರಂಭಿಸಿ, ಉಳಿದವುಗಳಲ್ಲಿ ಆರು ತಿಂಗಳ ನಂತರ ಆರಂಭಿಸಲಿ. ಎರಡೂ ಕಡೆ ಮರಣ, ಮರುದಾಖಲಾತಿ, ಪೂರ್ಣ ಪ್ರಮಾಣದ ಮಾತ್ರೆ ತಲುಪಿದವರ ಸಂಖ್ಯೆಯನ್ನು ಮೊದಲ ದಿನದಿಂದಲೇ ಎಣಿಸಲಿ. ಇಲ್ಲವಾದರೆ ಮೂರು ವರ್ಷಗಳ ನಂತರವೂ ನಾವು ಇದೇ ವಾದವನ್ನು ಮಾಡುತ್ತಿರುತ್ತೇವೆ.

ಸಮುದಾಯ ಆರೋಗ್ಯ ಅಧಿಕಾರಿ, ಯಾದಗಿರಿ ಜಿಲ್ಲೆ

ಎಣಿಸಲಿ, ನನ್ನ ವಿರೋಧವಿಲ್ಲ. ಆದರೆ ಆ ಎಣಿಕೆಗೆ ಬೇರೆ ಸಿಬ್ಬಂದಿಯನ್ನು ಕೊಡಬೇಕು. ಈಗಲೇ ಆಶಾ ಕಾರ್ಯಕರ್ತೆಯರ ದಿನದ ದೊಡ್ಡ ಭಾಗ ಮೊಬೈಲ್‌ನಲ್ಲಿ ಮಾಹಿತಿ ತುಂಬುವುದಕ್ಕೇ ಹೋಗುತ್ತಿದೆ. ಇನ್ನೊಂದು ಪೋರ್ಟಲ್ ಸೇರಿಸಿದರೆ ಮನೆಭೇಟಿಯ ಸಮಯವೇ ಕಡಿತವಾಗುತ್ತದೆ.